ನಿಕ್ಷೇಪದ ಮನೆಯ ಧರ್ಮ

ಮನುಷ್ಯನು ಕಟ್ಟುವ ಮನೆಗಳೆಲ್ಲ ಯಾವುದಾದರೊಂದು ಪ್ರಯೋಜನವನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಲ್ಪಟ್ಟಿರುತ್ತವೆ. ವಾಸಕ್ಕೆ ಗೃಹ, ಪೂಜೆಗೆ ದೇವಾಲಯ, ಪಾಠಕ್ಕೆ ಶಾಲೆ, ಕಾಳಿಗೆ ಕಣಜ, ದಾರಿಕಾರರಿಗೆ ಧರ್ಮಶಾಲೆ. ಆದರೆ ಕಲ್ಲು ಗಾರೆಗಳ ಆಯುಷ್ಯವೇ ಬೇರೆ, ಪ್ರಯೋಜನದ ಆಯುಷ್ಯವೇ ಬೇರೆ. ಕಟ್ಟಿದವರು ತೀರಿಹೋದ ಮೇಲೆಯೂ, ಕಟ್ಟಿದ ಕಾರಣವು ಸರಿದುಹೋದ ಮೇಲೆಯೂ ಗೋಡೆಗಳು ನಿಂತೇ ಇರುತ್ತವೆ. ಆಗ ಮುಂದಿನ ತಲೆಯವರು ಅವುಗಳಿಗೆ ಮತ್ತೊಂದು ಉಪಯೋಗವನ್ನು ಹುಡುಕುತ್ತಾರೆ. ಅರಮನೆಯು ಕಚೇರಿಯಾಗುವದು, ಕಚೇರಿಯು ಶಾಲೆಯಾಗುವದು, ಕೋಟೆಯ ಬಯಲಿನಲ್ಲಿ ಸಂತೆ ಕೂಡುವದು ನಾವು ದಿನಾಲು ಕಾಣುವ ಸಂಗತಿಗಳೇ. ಇದರಲ್ಲಿ ವಿಚಾರ ಮಾಡತಕ್ಕದ್ದೇನಿದೆ ಎಂದು ಕೆಲವರು ಕೇಳಬಹುದು. ಸಾಮಾನ್ಯವಾದ ಮನೆಯ ವಿಷಯದಲ್ಲಿ ಏನೂ ಇಲ್ಲದಿರಬಹುದು. ಆದರೆ ಪರರು ನಂಬಿ ತಂದಿಟ್ಟ ದ್ರವ್ಯವನ್ನು ಕಾಯುವದಕ್ಕೆಂದು ಬಾಗಿಲು ತೆರೆದ ಮನೆಯ, ಎಂದರೆ ಬ್ಯಾಂಕಿನ ಕಟ್ಟಡದ ವಿಷಯದಲ್ಲಿ ಈ ಪ್ರಶ್ನೆಯು ಅಷ್ಟು ಹಗುರಾದುದಲ್ಲ. ನಂಬಿಗೆಯ ಸಲುವಾಗಿ ಇದ್ದ ಮನೆಯು ಬೇರೊಂದು ಕೆಲಸಕ್ಕೆ ತಿರುಗಿದಾಗ ಆ ನಂಬಿಗೆಯು ಎಲ್ಲಿಗೆ ಹೋಗುತ್ತದೆ? ಅದರ ಋಣವು ಯಾರ ತಲೆಯ ಮೇಲೆ ಉಳಿಯುತ್ತದೆ? ಇದನ್ನು ತುಸು ನಿಧಾನವಾಗಿ ವಿಚಾರಿಸಬೇಕೆಂಬದೇ ಈ ಲೇಖನದ ಉದ್ದೇಶವು.

ವಿಚಾರಕ್ಕೆ ಒಂದು ಪ್ರತ್ಯಕ್ಷ ಉದಾಹರಣೆಯಿದ್ದರೆ ಒಳ್ಳೆಯದು. ಅದು ನಮ್ಮ ಕನ್ನಡ ನಾಡಿನಲ್ಲಿಯೇ, ಉಡುಪಿಯಲ್ಲಿ ಇದೆ. ಅಲ್ಲಿಯ ಖಾನ ಬಹಾದ್ದೂರ ಹಾಜಿ ಅಬ್ದುಲ್ಲಾ ಹಾಜಿ ಖಾಸೀಂ ಸಾಹೇಬರು ಹೆಸರಾದ ವರ್ತಕರು, ದಾನಶೀಲರು. ಆ ಊರಿನ ಹೆಂಗಸರ ಮಕ್ಕಳ ಆಸ್ಪತ್ರೆಯು ಅವರು ಕೊಟ್ಟ ಭೂಮಿಯ ಮೇಲೆ ನಿಂತು ಇಂದಿಗೂ ಅವರ ಹೆಸರನ್ನು ಹೇಳುತ್ತದೆ. ಇವರು ೧೯೦೬ನೆಯ ಇಸವಿಯ ಮಾರ್ಚ ೧೨ರಂದು ಕೆಲವು ಮಂದಿ ಮಹನೀಯರನ್ನು ಕೂಡಿಸಿಕೊಂಡು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ) ಲಿಮಿಟೆಡ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮೂಲಧನವು ೫,೦೦೦ ರೂಪಾಯಿ. ಮೊದಲನೆಯ ದಿನ ಸಂಜೆಗೆ ಲೆಕ್ಕ ಮಾಡಿದಾಗ ಕೂಡಿದ್ದ ಹಣವು ೩೮ ರೂಪಾಯಿ ೧೩ ಆಣೆ ೨ ಪೈ. ಬ್ಯಾಂಕಿಗೆ ಪ್ರತ್ಯೇಕ ಸೌಧವಿರಲಿಲ್ಲ. ಸಾಹೇಬರ ಮನೆಯೇ ಬ್ಯಾಂಕಾಯಿತು. ಅದು ವಂಗಭಂಗದ ತರುವಾಯ ಸ್ವದೇಶೀ ಚಳವಳಿಯು ದೇಶವನ್ನೆಲ್ಲ ವ್ಯಾಪಿಸಿದ್ದ ಕಾಲ. ಅದೇ ವರ್ಷದ ಜುಲೈ ೧ರಂದು ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ ಪೈಯವರು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ತೆರೆದರು. ಅದೇ ಮುಂದೆ ಕೆನರಾ ಬ್ಯಾಂಕಾಯಿತು. ಉಡುಪಿಯ ಸಂಸ್ಥೆಯವರು ಆರಂಭದಲ್ಲಿಯೇ ಪ್ರಕಟಿಸಿದ ಉದ್ದೇಶವು ನೆನಪಿಡತಕ್ಕದ್ದಾಗಿದೆ: ಜಾತಿಮತಗಳ ಭೇದವೆಣಿಸದೆ ಎಲ್ಲ ವರ್ಗದ ಜನರಲ್ಲಿಯೂ ಮಿತವ್ಯಯವನ್ನೂ ಪರಸ್ಪರ ಸಹಕಾರವನ್ನೂ ಬೆಳೆಸುವದು, ಇದೇ ನಿಜವಾದ ಸ್ವದೇಶಿಯೆಂದು ಅವರು ಸಾರಿದರು.

ಆ ಬಳಿಕ ಆ ಸಂಸ್ಥೆಯು ನಡೆದ ದಾರಿಯು ದೊಡ್ಡದು. ೧೯೩೯ರಲ್ಲಿ ಹೆಸರಿನೊಳಗಿನ ಉಡುಪಿಯು ಬಿಟ್ಟುಹೋಯಿತು. ೧೯೬೧ರಲ್ಲಿ ನಮ್ಮ ಬೆಳಗಾವಿಯ ಬ್ಯಾಂಕ್ ಆಫ್ ಸಿಟಿಜನ್ಸ್ ಎಂಬ ಸಂಸ್ಥೆಯು ಅದರಲ್ಲಿ ಸೇರಿತು. ೧೯೭೨ರಲ್ಲಿ ಅದು ಕಾರ್ಪೊರೇಷನ್ ಬ್ಯಾಂಕೆಂದಾಯಿತು. ೧೯೮೦ರ ಏಪ್ರಿಲ್ ೧೫ರಂದು ರಾಷ್ಟ್ರೀಕೃತವಾಯಿತು. ೨೦೨೦ರ ಏಪ್ರಿಲ್ ೧ರಂದು ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಯಿತು. ಇಲ್ಲಿ ನಮ್ಮ ಜಿಲ್ಲೆಯವರಿಗೆ ಸ್ವಾರಸ್ಯವೆನಿಸುವ ಮಾತೊಂದಿದೆ. ೧೯೩೦ರಲ್ಲಿ ಹುಟ್ಟಿದ ಬೆಳಗಾಂವ ಬ್ಯಾಂಕು ೧೯೭೫ರಲ್ಲಿ ಇದೇ ಯೂನಿಯನ್ ಬ್ಯಾಂಕಿನಲ್ಲಿ ಸೇರಿತ್ತು. ೧೯೨೯ರ ಮಿರಜ ಸ್ಟೇಟ್ ಬ್ಯಾಂಕು ೧೯೮೫ರಲ್ಲಿ ಸೇರಿತು. ಹೀಗೆ ಬೆಳಗಾವಿಯಲ್ಲಿ ಹುಟ್ಟಿದ ಎರಡು ಬ್ಯಾಂಕುಗಳ ಖಾತೆಗಳು, ಒಂದು ನೇರವಾಗಿ, ಮತ್ತೊಂದು ಉಡುಪಿಯನ್ನು ಸುತ್ತಿಕೊಂಡು, ಕಡೆಗೆ ಒಂದೇ ಕಡಲನ್ನು ಕೂಡಿದವು. ಇತ್ತ ಉಡುಪಿಯ ಆ ಮನೆಯೋ? ವಾಸದ ಮನೆಯಾಗಿದ್ದುದು ಬ್ಯಾಂಕಾಗಿ, ಬ್ಯಾಂಕು ದೊಡ್ಡದಾಗಿ ಬೇರೆಡೆಗೆ ಹೋದ ಮೇಲೆ, ಇತ್ತೀಚಿನ ವರ್ಷಗಳಲ್ಲಿ ನಾಣ್ಯಗಳ ಸಂಗ್ರಹಾಲಯವಾಯಿತು. ಯಾವ ಮನೆಯಲ್ಲಿ ಚಲಾವಣೆಯ ನಾಣ್ಯಗಳು ಎಣಿಸಲ್ಪಟ್ಟವೋ ಅದೇ ಮನೆಯಲ್ಲಿ ಚಲಾವಣೆ ತಪ್ಪಿದ ನಾಣ್ಯಗಳು ಗಾಜಿನ ಕೆಳಗೆ ಮಲಗಿವೆ. ಸಂಸ್ಥೆಯ ಹೆಸರು ಅಳಿಯಿತು, ಮನೆಯು ಉಳಿಯಿತು.

ಈಗ ಪ್ರಕೃತಕ್ಕೆ ಬರೋಣ. ಮೊದಲನೆಯ ಪೂರ್ವಪಕ್ಷವು ಇದು: ಧರ್ಮವೆಂಬದು ಚೇತನನಿಗೆ ಸಂಬಂಧಿಸಿದ್ದು, ಕಲ್ಲು ಮರಗಳು ಜಡ, ಜಡಕ್ಕೆ ಧರ್ಮವೆಲ್ಲಿಯದು? ಕರ್ತವ್ಯವಿದ್ದರೆ ಬ್ಯಾಂಕಿನ ಒಡೆಯರಿಗೆ ಇರಬೇಕು, ಕಟ್ಟಡಕ್ಕೆ ಅಲ್ಲ. ಈ ಮಾತು ಮೇಲುನೋಟಕ್ಕೆ ನಿರ್ವಿವಾದವಾಗಿದೆ. ಆದರೆ ನಮ್ಮ ಮೀಮಾಂಸಕರು ಇದಕ್ಕೊಂದು ಸೂಕ್ಷ್ಮವಾದ ಎಡೆಯನ್ನು ಇಟ್ಟಿದ್ದಾರೆ. ಸೋಮಯಾಗದಲ್ಲಿ ದೀಕ್ಷಿತನಾದವನು ಮೈ ತುರಿಸಿದರೆ ಕೈಯನ್ನು ಬಳಸದೆ ಕೃಷ್ಣಮೃಗದ ಕೊಂಬನ್ನು ಬಳಸಬೇಕೆಂದು ವಿಧಿಯಿದೆ. ದಕ್ಷಿಣೆಗಳನ್ನು ಕೊಟ್ಟು ಮುಗಿಸಿದ ಮೇಲೆ ಆ ಕೊಂಬನ್ನು ಕಂಡಲ್ಲಿ ಬಿಸಾಡದೆ ಚಾತ್ವಾಲವೆಂಬ ಕುಣಿಯಲ್ಲಿಯೇ ಹಾಕಬೇಕೆಂದು ಮತ್ತೊಂದು ವಿಧಿಯಿದೆ. ಹಾಕುವದರಿಂದ ಹೊಸ ಫಲವೇನಾದರೂ ಉಂಟೋ ಎಂದು ಚರ್ಚಿಸಿ, ಇದು ಫಲಕ್ಕಾಗಿ ಮಾಡುವ ಅರ್ಥಕರ್ಮವಲ್ಲ, ಕೆಲಸ ಮಾಡಿ ಮುಗಿಸಿದ ವಸ್ತುವಿಗೆ ಮಾಡುವ ಪ್ರತಿಪತ್ತಿಕರ್ಮ ಎಂದು ನಿರ್ಣಯಿಸಿದ್ದಾರೆ. ಎಂದರೆ, ಒಂದು ಪವಿತ್ರ ಕಾರ್ಯಕ್ಕೆ ಒದಗಿದ ವಸ್ತುವನ್ನು ಕಾರ್ಯ ಮುಗಿದ ಮೇಲೆ ತಕ್ಕ ಸ್ಥಾನದಲ್ಲಿ ಸೇರಿಸುವದೂ ಒಂದು ಕರ್ತವ್ಯವೇ. ಕೊಂಬಿಗೆ ಧರ್ಮವಿಲ್ಲ ನಿಜ. ಆದರೆ ಕೊಂಬಿನ ವಿಷಯದಲ್ಲಿ ಯಜಮಾನನಿಗೆ ಧರ್ಮವಿದೆ. ಕಟ್ಟಡದ ಧರ್ಮವೆಂದು ನಾವು ಇಲ್ಲಿ ಹೇಳುವದು ಇದೇ ಅರ್ಥದಲ್ಲಿ.

ಹಾಗಾದರೆ ಬ್ಯಾಂಕಿನ ಮನೆಯಲ್ಲಿ ನಡೆಯುತ್ತಿದ್ದ ಕಾರ್ಯವು ಅಷ್ಟು ಪವಿತ್ರವೋ ಎಂಬ ಪ್ರಶ್ನೆಯು ಏಳುತ್ತದೆ. ಅದು ವ್ಯಾಪಾರವಲ್ಲವೆ? ಬಡ್ಡಿಯ ಲೆಕ್ಕವಲ್ಲವೆ? ಇದಕ್ಕೆ ಉತ್ತರವಾಗಿ ಧರ್ಮಶಾಸ್ತ್ರದ ಒಂದು ಪ್ರಕರಣವನ್ನು ನೋಡಬೇಕು. ಮನುವು ಹದಿನೆಂಟು ವ್ಯವಹಾರಪದಗಳನ್ನು ಎಣಿಸುವಾಗ ಋಣಾದಾನವನ್ನು ಮೊದಲನೆಯದಾಗಿಯೂ ನಿಕ್ಷೇಪವನ್ನು ಎರಡನೆಯದಾಗಿಯೂ ಹೇಳಿದ್ದಾನೆ. ಯಾಜ್ಞವಲ್ಕ್ಯನು ಉಪನಿಧಿಯೆಂಬ ಪ್ರಕರಣದಲ್ಲಿ, ಮುಚ್ಚಿದ ಭಾಂಡದಲ್ಲಿಟ್ಟು ಒಳಗೇನಿದೆಯೆಂದು ಹೇಳದೆ ಒಪ್ಪಿಸಿದ ದ್ರವ್ಯವನ್ನು ಇದ್ದಂತೆಯೇ ತಿರುಗಿ ಕೊಡಬೇಕೆಂದು ವಿಧಿಸುತ್ತಾನೆ. ಅರಸನಿಂದಲೋ ದೈವದಿಂದಲೋ ಕಳ್ಳರಿಂದಲೋ ಅದು ನಷ್ಟವಾದರೆ ಇಟ್ಟುಕೊಂಡವನು ಹೊಣೆಯಲ್ಲ. ಆದರೆ ಧನಿಕನು ಕೇಳಿದಾಗ ಕೊಡದೆ ಇದ್ದು ಆಮೇಲೆ ನಷ್ಟವಾದರೆ ಹೊಣೆಯುಂಟು, ದಂಡವೂ ಉಂಟು. ತನ್ನ ಮನಸ್ಸಿಗೆ ಬಂದಂತೆ ಅದನ್ನು ಬಳಸಿ ಬದುಕಿದವನು ವೃದ್ಧಿಯೊಡನೆ ತಿರುಗಿಸತಕ್ಕದ್ದು. ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇದ್ದವನೆಂಬದು ಕನ್ನಡಿಗರಿಗೆ ಅಭಿಮಾನದ ವಿಷಯವು. ಭಾರತದ ಬಹುಭಾಗದ ದಾಯವಿಭಾಗದ ನ್ಯಾಯವು ಅವನ ಗ್ರಂಥವನ್ನು ಆಧರಿಸಿ ನಡೆಯಿತು. ಪರರ ಸ್ವತ್ತನ್ನು ಕಾಯುವದು ಕೇವಲ ಲೇವಾದೇವಿಯ ವಿಷಯವೆಂದು ನಮ್ಮ ಹಿರಿಯರು ಎಣಿಸಿರಲಿಲ್ಲವೆಂಬುದಕ್ಕೆ ಇಷ್ಟು ಸಾಕು.

ಆದರೆ ಇಲ್ಲಿ ಒಂದು ತೊಡಕಿದೆ. ಅದನ್ನು ಮರೆಮಾಚುವದು ಸರಿಯಲ್ಲ. ನಾವು ಶಾಲೆಯಲ್ಲಿ ಬಡ್ಡಿಯ ಲೆಕ್ಕವನ್ನು ಕಲಿಸುತ್ತಿದ್ದಾಗ ಒಬ್ಬ ಹುಡುಗನು ಕೇಳಿದ ಪ್ರಶ್ನೆಯು ನೆನಪಿಗೆ ಬರುತ್ತದೆ. "ಗುರುಗಳೇ, ನಮ್ಮಪ್ಪ ಇಟ್ಟ ರೂಪಾಯಿನೇ ತಿರುಗಿ ಬರ್ತದೇನ್ರಿ, ಬೇರೇದು ಬರ್ತದೇನ್ರಿ?" ಪ್ರಶ್ನೆಯು ಬಾಲಿಶವೆಂದು ಉಳಿದ ಹುಡುಗರು ನಕ್ಕರು. ಆದರೆ ನಿಕ್ಷೇಪಕ್ಕೂ ಋಣಕ್ಕೂ ಇರುವ ಭೇದವೆಲ್ಲ ಆ ಪ್ರಶ್ನೆಯಲ್ಲಿ ಅಡಗಿದೆ. ನಿಕ್ಷೇಪದಲ್ಲಿ ಇಟ್ಟ ವಸ್ತುವೇ ತಿರುಗಿ ಬರಬೇಕು. ಋಣದಲ್ಲಿ ಅಷ್ಟೇ ಬೆಲೆಯ ಬೇರೆ ವಸ್ತುವು ವೃದ್ಧಿಯೊಡನೆ ಬಂದರೆ ಸಾಕು. ಕಾಯದೆಯ ಕಣ್ಣಿನಲ್ಲಿ ಬ್ಯಾಂಕಿನಲ್ಲಿಟ್ಟ ಹಣವು ನಾವು ಬ್ಯಾಂಕಿಗೆ ಕೊಟ್ಟ ಸಾಲವೇ. ಅದು ಆ ಕ್ಷಣವೇ ಮತ್ತೊಬ್ಬನ ಹೊಲಕ್ಕೋ ಗಿರಣಿಗೋ ಹರಿದುಹೋಗುತ್ತದೆ. ಆದರೆ ಇಡುವವನ ಮನಸ್ಸಿನಲ್ಲಿ ಅದು ನಿಕ್ಷೇಪವೇ. ನಮ್ಮ ಸೀಮೆಯ ರೈತನು ಹಗೇವಿನಲ್ಲಿ ಜೋಳವನ್ನು ತುಂಬಿ ಬಾಯಿಗೆ ಮಣ್ಣು ಮೆತ್ತಿದರೆ, ಮುಂದೆ ತೆಗೆದಾಗ ಬರುವದು ಅದೇ ಜೋಳವು. ಹಗೇವನ್ನು ಬಲ್ಲ ಆ ರೈತನೇ ಬ್ಯಾಂಕಿಗೆ ಹೋದಾಗ ತನ್ನ ರೂಪಾಯಿಯು ಒಳಗಿನ ತಿಜೋರಿಯಲ್ಲಿ ತನ್ನ ಹೆಸರಿನ ಕೆಳಗೆ ಕುಳಿತಿದೆಯೆಂದು ತಿಳಿಯುತ್ತಾನೆ.

ಕಾಯದೆಯ ಋಣಕ್ಕೂ ಮನಸ್ಸಿನ ನಿಕ್ಷೇಪಕ್ಕೂ ನಡುವೆ ಇರುವ ಈ ಅಂತರವನ್ನು ಯಾವುದು ತುಂಬುತ್ತಿತ್ತು? ಕಟ್ಟಡವು. ದಪ್ಪ ಗೋಡೆಗಳು, ಕಬ್ಬಿಣದ ಬಾಗಿಲು, ಎತ್ತರದ ಕಂಬಗಳು, ಹೊರಗೆ ಬಂದೂಕು ಹಿಡಿದ ಕಾವಲುಗಾರ: ಇವೆಲ್ಲವೂ ಅಕ್ಷರ ಬಾರದವನಿಗೂ ಓದಬರುವ ಬರಹವಾಗಿದ್ದವು. ನಿನ್ನ ಹಣವು ಇಲ್ಲಿಯೇ ಇದೆ, ಎಲ್ಲಿಗೂ ಹೋಗಿಲ್ಲ ಎಂದು ಆ ಗೋಡೆಗಳು ಹೇಳುತ್ತಿದ್ದವು. ಉಡುಪಿಯ ಮನೆಯಲ್ಲಿ ಇಂಥ ಆಡಂಬರವಿರಲಿಲ್ಲ. ಅಲ್ಲಿ ಗೋಡೆಗೆ ಬದಲಾಗಿ ಮನೆಯ ಯಜಮಾನರ ಮುಖವೇ ಆ ಮಾತನ್ನು ಹೇಳಿತು. ಯಾರ ಹೊಸ್ತಿಲಲ್ಲಿ ಬಡವನಿಗೆ ದಾನವು ಸಿಕ್ಕುತ್ತಿತ್ತೋ ಆ ಹೊಸ್ತಿಲೊಳಗೆ ತನ್ನ ಆಣೆಗೆ ಅಪಾಯವಿಲ್ಲವೆಂದು ಜನರು ತಿಳಿದರು. ಹೇಗೇ ಇರಲಿ, ವಚನವನ್ನು ಬಾಯಿಂದ ಕೊಟ್ಟವರು ಮನುಷ್ಯರಾದರೂ ಅದನ್ನು ಹಗಲಿರುಳು ಉಚ್ಚರಿಸುತ್ತ ನಿಂತದ್ದು ಮನೆಯು. ಆದುದರಿಂದ ಅದನ್ನು ಕೇವಲ ಇಟ್ಟಿಗೆಯ ರಾಶಿಯೆಂದು ತಳ್ಳಿಬಿಡಲು ಬರುವದಿಲ್ಲ.

ಈ ವಚನವು ಎಲ್ಲ ಕಡೆಯಲ್ಲಿಯೂ ನಡೆಯಲಿಲ್ಲವೆಂಬದೂ ಇತಿಹಾಸವೇ. ೧೯೬೦ನೆಯ ಇಸವಿಯಲ್ಲಿ ಕೇರಳದ ಪಾಲಾ ಸೆಂಟ್ರಲ್ ಬ್ಯಾಂಕು ಮುಳುಗಿದಾಗ ದೇಶವೇ ಬೆಚ್ಚಿತು. ಮರುವರ್ಷವೇ ಠೇವಣಿಗಳ ವಿಮೆಯ ಕಾಯದೆಯು ಬಂದು ೧೯೬೨ರ ಜನೇವರಿ ೧ರಿಂದ ಜಾರಿಯಾಯಿತು. ಆಗ ಒಬ್ಬೊಬ್ಬನ ಠೇವಣಿಗೆ ಸಿಕ್ಕ ಭರವಸೆಯು ೧,೫೦೦ ರೂಪಾಯಿ. ೨೦೨೦ರಿಂದ ಅದು ೫ ಲಕ್ಷ ರೂಪಾಯಿ. ಇದರ ಪರಿಣಾಮವನ್ನು ಲಕ್ಷಿಸಬೇಕು. ಗೋಡೆಗಳು ಹೇಳುತ್ತಿದ್ದ ಮಾತನ್ನು ಈಗ ಕಾಯದೆಯು ಹೇಳತೊಡಗಿತು. ಹೀಗಾಗಿ ಕಟ್ಟಡದ ಹೆಗಲ ಮೇಲಿನ ಹೊರೆಯು ಇಳಿಯಿತು. ಹಳೆಯ ಬ್ಯಾಂಕುಗಳ ಮನೆಗಳು ಇಂದು ಬೇರೆ ಬೇರೆ ಉಪಯೋಗಗಳಿಗೆ ತಿರುಗುತ್ತಿರುವದಕ್ಕೆ ಜಾಗೆಯ ಬೆಲೆ, ಸಂಸ್ಥೆಗಳ ಸಂಮಿಲನ, ಯಂತ್ರಗಳು ಎಷ್ಟು ಕಾರಣವೋ ಇದೂ ಅಷ್ಟೇ ಕಾರಣವೆಂದು ನಮಗೆ ತೋರುತ್ತದೆ.

ಇಂಥ ತಿರುವು ನಮ್ಮ ಕಾಲಕ್ಕೆ ಮಾತ್ರ ಬಂದದ್ದಲ್ಲ. ಇಟಲಿಯ ಜಿನೋವಾ ನಗರದ ಬಂದರದಲ್ಲಿ ಸಂತ ಜಾರ್ಜನ ಹೆಸರಿನ ಒಂದು ಸೌಧವಿದೆ. ೧೨೬೦ರ ಸುಮಾರಿಗೆ ಗುಲ್ಯೆಲ್ಮೊ ಬೊಕನೇಗ್ರನೆಂಬ ನಾಯಕನು ಪೌರಾಡಳಿತದ ಅರಮನೆಯಾಗಿ ಅದನ್ನು ಕಟ್ಟಿಸಿದನು. ಮುಂದೆ ಅದೇ ಸೆರೆಮನೆಯಾಯಿತು. ೧೨೯೮ರಲ್ಲಿ ಸೆರೆಸಿಕ್ಕ ಮಾರ್ಕೊ ಪೋಲೊ ತನ್ನ ಪ್ರವಾಸದ ವೃತ್ತಾಂತವನ್ನು ಜೊತೆಯ ಸೆರೆಯಾಳಾದ ರುಸ್ತಿಕೆಲ್ಲೊ ಎಂಬವನಿಗೆ ಹೇಳಿ ಬರೆಯಿಸಿದ್ದು ಅಲ್ಲಿಯೇ ಎಂದು ಪ್ರತೀತಿಯಿದೆ. ಬಳಿಕ ಅದು ಸುಂಕದ ಕಟ್ಟೆಯಾಯಿತು. ೧೪೦೭ರಲ್ಲಿ ಸ್ಥಾಪಿತವಾದ ಸಂತ ಜಾರ್ಜನ ಬ್ಯಾಂಕು ಅಲ್ಲಿ ನೆಲೆಸಿ, ಯುರೋಪಿನ ಅರಸರಿಗೂ ಸಾಲ ಕೊಡುವಷ್ಟು ಬೆಳೆದು, ನೆಪೋಲಿಯನ್ನನ ಕಾಲದಲ್ಲಿ, ೧೮೦೫ರಲ್ಲಿ, ಮುಚ್ಚಿತು. ಈಗ ಅದು ಬಂದರದ ಆಡಳಿತದ ಕಚೇರಿಯು. ಸೆರೆಯಾಳಿನ ನಿಟ್ಟುಸಿರನ್ನೂ ಸಾಹುಕಾರನ ಲೆಕ್ಕವನ್ನೂ ಒಂದೇ ಗೋಡೆಯು ಕೇಳಿತು.

ನಮ್ಮ ದೇಶದಲ್ಲಿ ಕಲಕತ್ತೆಯ ಕರೆನ್ಸಿ ಬಿಲ್ಡಿಂಗಿನ ಕಥೆಯು ಇನ್ನೂ ಬೋಧಪ್ರದವಾಗಿದೆ. ಮೊದಲು ಆಗ್ರಾ ಬ್ಯಾಂಕಿನ ಮನೆಯಾಗಿದ್ದ ಆ ಕಟ್ಟಡವು ೧೮೬೮ರಲ್ಲಿ ಸರಕಾರದ ನೋಟಿನ ಕಚೇರಿಯಾಯಿತು. ೧೯೩೫ರಲ್ಲಿ ರಿಜರ್ವ ಬ್ಯಾಂಕು ಹುಟ್ಟಿದಾಗ ಅದರ ಕೇಂದ್ರ ಕಚೇರಿಯು ೧೯೩೭ರ ವರೆಗೆ ಅಲ್ಲಿ ಇತ್ತು. ಆಮೇಲೆ ಅದು ಸರಕಾರದ ಸಾಮಾನಿನ ಉಗ್ರಾಣಕ್ಕಿಳಿದು, ಕಡೆಗೆ ೧೯೯೦ರ ದಶಕದಲ್ಲಿ ಕೆಡವಲ್ಪಡತೊಡಗಿತು. ನಡುವಿನ ಹಜಾರದ ಗುಮ್ಮಟಗಳು ನೆಲಕ್ಕುರುಳಿದ ಮೇಲೆ ಕೆಲವರಿಗೆ ಎಚ್ಚರವಾಗಿ ಕೆಡಹುವಿಕೆಯು ನಿಂತಿತು. ಪುರಾತತ್ವ ಇಲಾಖೆಯು ಅದನ್ನು ವಶಕ್ಕೆ ತೆಗೆದುಕೊಂಡು ದುರಸ್ತಿ ಮಾಡಿಸಿತು. ೨೦೨೦ರ ಜನೇವರಿಯಲ್ಲಿ ಅದು ಪ್ರದರ್ಶನಾಲಯವಾಗಿ ತೆರೆಯಿತು. ಬಿದ್ದ ಗುಮ್ಮಟಗಳನ್ನು ಮತ್ತೆ ಕಟ್ಟಲಿಲ್ಲ. ಆ ಹಜಾರವು ಇಂದು ಆಕಾಶಕ್ಕೆ ತೆರೆದ ಅಂಗಳವಾಗಿದೆ. ಆದ ಗಾಯವನ್ನು ಮುಚ್ಚದೆ ಬಿಟ್ಟದ್ದು ನಮಗೆ ಸತ್ಯವಾದ ನಡತೆಯೆಂದು ತೋರುತ್ತದೆ.

ಈ ವಿಷಯದಲ್ಲಿ ಎರಡು ಪಕ್ಷಗಳುಂಟು. ಒಂದನೆಯವರು ಹೇಳುವದು: ಉಪಯೋಗ ತೀರಿದ ಕಟ್ಟಡವನ್ನು ಕೆಡವಬೇಕು, ಪೇಟೆಯ ನಡುವಿನ ಭೂಮಿಯು ಜೀವಿಸುವವರಿಗೆ ಬೇಕು, ಸತ್ತವರ ಅಭಿಮಾನಕ್ಕಾಗಿ ಅದನ್ನು ಬಂಜರು ಬಿಡಲಾಗದು. ಇದರಲ್ಲಿ ಸತ್ಯಾಂಶವಿದೆ. ಮಕ್ಕಳಿಗೆ ಶಾಲೆಯಿಲ್ಲದ ಊರಿನಲ್ಲಿ ಬೀಗ ಜಡಿದ ಹಳೆಯ ಮನೆಯನ್ನು ಪೂಜಿಸುತ್ತ ಕೂಡ್ರುವದು ವಿವೇಕವಲ್ಲ. ಆದರೆ ಇವರು ಒಂದು ಸಂಗತಿಯನ್ನು ಮರೆಯುತ್ತಾರೆ. ಉಪಯೋಗವೆಂಬದು ನಾವು ಇಂದು ಎಣಿಸಿದಷ್ಟೇ ಅಲ್ಲ. ಕಲಕತ್ತೆಯ ಮನೆಯನ್ನು ಕೆಡವಲು ಹೊರಟವರು ಅದರಲ್ಲಿ ಉಗ್ರಾಣವನ್ನಲ್ಲದೆ ಬೇರೇನನ್ನೂ ಕಾಣಲಿಲ್ಲ. ಇಪ್ಪತ್ತೈದು ವರ್ಷಗಳ ತರುವಾಯದವರು ಕಂಡರು. ಕೆಡವುವವನು ತನ್ನ ಕಾಲದ ಕಣ್ಣನ್ನೇ ಮುಂದಿನವರ ಮೇಲೂ ಹೇರುತ್ತಾನೆ. ಕೆಡವದಿದ್ದರೆ ತಪ್ಪನ್ನು ತಿದ್ದಬಹುದು. ಕೆಡವಿದ ಮೇಲೆ ತಿದ್ದಲು ಏನೂ ಉಳಿಯುವದಿಲ್ಲ.

ಎರಡನೆಯವರು ಹೇಳುವದು: ಹಳೆಯದನ್ನು ಮುಟ್ಟಲೇಬಾರದು, ಬ್ಯಾಂಕಾಗಿದ್ದುದು ಬ್ಯಾಂಕಾಗಿಯೇ ಇರಬೇಕು, ಇಲ್ಲವೆ ಬರಿದಾಗಿರಬೇಕು. ಇದೂ ಒಪ್ಪತಕ್ಕ ಮಾತಲ್ಲ. ಉಡುಪಿಯ ಮನೆಯು ಹುಟ್ಟಿನಿಂದ ಬ್ಯಾಂಕಾಗಿರಲಿಲ್ಲ, ವಾಸದ ಮನೆಯಾಗಿತ್ತು. ಜಿನೋವಾದ ಸೌಧವು ಬ್ಯಾಂಕಾಗುವ ಮೊದಲು ಅರಮನೆ, ಸೆರೆಮನೆ, ಸುಂಕದ ಕಟ್ಟೆಯಾಗಿತ್ತು. ಯಾವ ಕ್ಷಣದ ರೂಪವನ್ನು ಅದರ ನಿಜರೂಪವೆಂದು ಹಿಡಿಯೋಣ? ಜನವಾಸವಿಲ್ಲದ ಮನೆಯು ಬೇಗ ಬೀಳುತ್ತದೆಂಬದು ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಬಲ್ಲ ಮಾತು. ಒಲೆ ಉರಿಯದ ಮನೆಯ ಜಂತಿಗೆ ಗೆದ್ದಲು ಹತ್ತುತ್ತದೆ. ಬಳಕೆಯೇ ಮನೆಗೆ ಪ್ರಾಣವು. ಆದಕಾರಣ ಉಪಯೋಗವು ಬದಲಾಗುವದರಲ್ಲಿ ಅಧರ್ಮವಿಲ್ಲ.

ಹಾಗಾದರೆ ಅಧರ್ಮವು ಎಲ್ಲಿದೆ? ನಮ್ಮ ಅಲ್ಪಮತಿಗೆ ತೋಚಿದ ಮಟ್ಟಿಗೆ ಇದನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸಬಹುದು. ಮೊದಲನೆಯದು: ಆ ಮನೆಯನ್ನು ನಂಬಿ ಇಟ್ಟದ್ದು ಇಟ್ಟವರಿಗೆ ತಿರುಗಿ ಸಂದಿದೆಯೇ? ಎರಡನೆಯದು: ಮೊದಲು ಯಾರಿಗೆ ಆ ಬಾಗಿಲು ತೆರೆದಿತ್ತೋ ಅವರಿಗೆ ಈಗಲೂ ತೆರೆದಿದೆಯೇ? ಮೂರನೆಯದು: ಅಲ್ಲಿ ಹಿಂದೆ ಏನಿತ್ತೆಂಬದನ್ನು ಹೊಸ ಒಡೆಯರು ಇದ್ದದ್ದು ಇದ್ದಂತೆ ಹೇಳುತ್ತಿರುವರೇ?

ಒಂದನೆಯ ಪ್ರಶ್ನೆಗೆ ಉಡುಪಿಯ ಮನೆಯು ಸಮಾಧಾನಕರವಾದ ಉತ್ತರವನ್ನು ಕೊಡುತ್ತದೆ. ಹೆಸರುಗಳು ಮೂರು ಸಲ ಬದಲಾದರೂ ಖಾತೆಗಳು ಒಂದು ಕೈಯಿಂದ ಮತ್ತೊಂದು ಕೈಗೆ ಸಾಗಿದವು. ಅಳಿದ ಬ್ಯಾಂಕಿನ ಹೊಣೆಯನ್ನು ಉಳಿದ ಬ್ಯಾಂಕು ಹೊತ್ತಿತು. ಋಣವು ತೀರದೆ ಮನೆಯ ಉಪಯೋಗವನ್ನು ಬದಲಿಸಿದ್ದರೆ ಆ ಗಾಜಿನ ಕೆಳಗಿನ ನಾಣ್ಯಗಳು ನೋಡುವವರ ಕಣ್ಣಿಗೆ ಮುಳ್ಳಾಗುತ್ತಿದ್ದವು. ಠೇವಣಿದಾರರನ್ನು ಮುಳುಗಿಸಿದ ಸಂಸ್ಥೆಯೊಂದರ ಮನೆಯನ್ನು ಕೊಂಡು ಅದರಲ್ಲಿ ಸೊಗಸಾದ ಅಂಗಡಿಯನ್ನಿಟ್ಟರೆ, ಎದುರಿನ ರಸ್ತೆಯಲ್ಲಿ ಹಾಯುವ ವಿಧವೆಯೊಬ್ಬಳಿಗೆ ಅದು ಹೇಗೆ ಕಂಡೀತು?

ಎರಡನೆಯ ಪ್ರಶ್ನೆಯು ಹೆಚ್ಚು ಕಠಿಣವು. ನಮ್ಮಲ್ಲಿ ಕೆರೆ ಬಾವಿಗಳನ್ನು ಕಟ್ಟಿಸಿದವರು ಉತ್ಸರ್ಗವೆಂಬ ವಿಧಿಯನ್ನು ಮಾಡುತ್ತಿದ್ದರು. ಅಂದಿನಿಂದ ಆ ನೀರು ಸಕಲ ಭೂತಗಳದು. ಕಟ್ಟಿಸಿದವನೂ ಎಲ್ಲರಲ್ಲಿ ಒಬ್ಬನಾಗಿ ಮಾತ್ರ ಅದನ್ನು ಕುಡಿಯಬಹುದು. ಎಲ್ಲ ವರ್ಗದವರಿಗೂ ಎಂದು ಸಾರಿ ತೆರೆದ ಬಾಗಿಲೂ ಒಂದು ತರದ ಉತ್ಸರ್ಗವೇ. ಅದನ್ನು ಮುಂದೆ ಕೆಲವರಿಗೆ ಮಾತ್ರ ತೆರೆಯುವದೆಂದರೆ ಕೆರೆಗೆ ಬೇಲಿ ಹಾಕಿದಂತೆ. ಎರಡಾಣೆಯನ್ನು ಹಿಡಿದು ಬಂದ ಕೂಲಿಕಾರನು ನಿಂತಿದ್ದ ಹಜಾರವು ಅವನ ಮೊಮ್ಮಗನು ಒಳಗೆ ಕಾಲಿಡಲು ಹೆದರುವಂಥ ದುಬಾರಿ ಭೋಜನಗೃಹವಾದರೆ, ಕಲ್ಲೊಂದೂ ಅಲುಗದಿದ್ದರೂ ಆ ಮನೆಯು ಕೆಟ್ಟಿತೆಂದೇ ತಿಳಿಯಬೇಕು.

ಆದರೆ ಇಲ್ಲಿ ನ್ಯಾಯವಾದ ಒಂದು ಆಕ್ಷೇಪವನ್ನು ಕೇಳಿಕೊಳ್ಳಬೇಕು. ಹಳೆಯ ಬ್ಯಾಂಕುಗಳ ಬಾಗಿಲು ನಿಜವಾಗಿಯೂ ಎಲ್ಲರಿಗೆ ತೆರೆದಿತ್ತೇ? ಎತ್ತರದ ಕಂಬಗಳು ಧನಿಕನಿಗೆ ಭರವಸೆಯನ್ನು ಕೊಟ್ಟಂತೆಯೇ ಬಡವನಿಗೆ ಅಂಜಿಕೆಯನ್ನೂ ಕೊಡುತ್ತಿದ್ದವು. ಅಕ್ಷರ ಬಾರದವನು, ಹೆಂಗಸು, ಕೇರಿಯವನು ಆ ಮೆಟ್ಟಿಲುಗಳನ್ನು ಏರುವದು ಸುಲಭವಾಗಿರಲಿಲ್ಲ. ಆದುದರಿಂದಲೇ ನಮ್ಮ ನಾಡಿನಲ್ಲಿ ಮೆಟ್ಟಿಲನ್ನು ತಗ್ಗಿಸಿದವರ ಹೆಸರುಗಳು ಸ್ಮರಣೀಯವಾಗಿವೆ. ೧೯೦೫ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಸಾಹುಕಾರನ ಪಡಸಾಲೆಯಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ಒಕ್ಕಲಿಗನಿಗೆ ತನ್ನದೇ ಆದ ಸಂಘವಾಯಿತು. ಉಡುಪಿಯಲ್ಲಿಯೇ ೧೯೨೫ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಇವರು ೮,೦೦೦ ರೂಪಾಯಿ ಮೂಲಧನದಿಂದ ಆರಂಭಿಸಿದ ಸಿಂಡಿಕೇಟು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ತೆಗೆಯಿತು. ಬಡವನು ಬ್ಯಾಂಕಿನ ಬಾಗಿಲಿಗೆ ಬರಲು ಅಂಜಿದರೆ ಬ್ಯಾಂಕೇ ಬಡವನ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯನ್ನು ಎತ್ತಿ ತಂದಿತು. ಆ ಸಿಂಡಿಕೇಟ್ ಬ್ಯಾಂಕೂ ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ಕೂಡಿಹೋಯಿತು.

ಈ ಆಕ್ಷೇಪದಿಂದ ನಮ್ಮ ಎರಡನೆಯ ಪರೀಕ್ಷೆಯು ಬಿದ್ದುಹೋಗುವದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಹೊಸ ಉಪಯೋಗದಿಂದ ಬಾಗಿಲು ಕಿರಿದಾದರೆ ಅದು ಅವನತಿ, ಅಗಲವಾದರೆ ಅದು ಉನ್ನತಿ. ಹಣವಿದ್ದವನು ಮಾತ್ರ ಹೊಗುತ್ತಿದ್ದ ಮನೆಗೆ ಹಣವಿಲ್ಲದ ಶಾಲೆಯ ಮಗುವು ಹೊಕ್ಕು ಹಳೆಯ ಅರಸರ ನಾಣ್ಯಗಳನ್ನು ನೋಡಿ, ಇದು ಯಾರದು, ಇದರ ಮೇಲಿನ ವರಾಹವೇನು ಎಂದು ಕೇಳುವದಾದರೆ, ಆ ಮನೆಯು ಮೊದಲಿಗಿಂತ ದೊಡ್ಡ ಠೇವಣಿಯನ್ನು ಇಟ್ಟುಕೊಂಡಿದೆಯೆಂದೇ ಹೇಳಬೇಕು. ಮೀಮಾಂಸಕರ ಮಾತಿನಲ್ಲಿ ಹೇಳುವದಾದರೆ, ಆ ಮನೆಗೆ ಯೋಗ್ಯವಾದ ಪ್ರತಿಪತ್ತಿಯು ಆಯಿತು.

ಮೂರನೆಯದಾದ ಸ್ಮರಣೆಯ ಪ್ರಶ್ನೆಯನ್ನು ಜನರು ಹಗುರಾಗಿ ಎಣಿಸುತ್ತಾರೆ. ಬೆಂಗಳೂರಿನಲ್ಲಿ ಮೈಸೂರ ಬ್ಯಾಂಕಿನ ವೃತ್ತವೆಂದು ಕೇಳಿದರೆ ಯಾರಾದರೂ ದಾರಿ ತೋರಿಸುತ್ತಾರೆ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ೧೯೧೩ರಲ್ಲಿ ಹುಟ್ಟಿದ ಆ ಬ್ಯಾಂಕು ೧೯೬೦ರಲ್ಲಿ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಗಿ, ೨೦೧೭ರ ಏಪ್ರಿಲ್ ೧ರಂದು ಸ್ಟೇಟ್ ಬ್ಯಾಂಕಿನಲ್ಲಿಯ ಒಂದು ಭಾಗವಾಯಿತು. ಬ್ಯಾಂಕಿಲ್ಲದಿದ್ದರೂ ವೃತ್ತಕ್ಕೆ ಹೆಸರು ಉಳಿದಿದೆ. ಆದರೆ ಆ ಹೆಸರನ್ನು ದಿನಾಲು ಹೇಳುವವರಲ್ಲಿ ಅದು ಯಾರ ಬ್ಯಾಂಕು, ಏಕೆ ಹುಟ್ಟಿತು ಎಂಬದನ್ನು ಬಲ್ಲವರು ಎಷ್ಟು ಮಂದಿ? ಅರ್ಥವನ್ನು ಕಳೆದುಕೊಂಡ ಹೆಸರು ಕೆಲವು ಕಾಲ ನಾಲಿಗೆಯ ಮೇಲೆ ನಿಲ್ಲುತ್ತದೆ. ಆಮೇಲೆ ಅದೂ ಅಳಿಯುತ್ತದೆ. ನಮ್ಮ ಹಳೆಯ ಶಾಸನಗಳನ್ನು ನೋಡಿರಿ. ಇಷ್ಟು ಗದ್ಯಾಣ ಹೊನ್ನನ್ನು ಮಹಾಜನರ ಕೈಯಲ್ಲಿಟ್ಟು, ಅದರ ಬಡ್ಡಿಯಿಂದ ದೇವರ ಮುಂದೆ ನಂದಾದೀವಿಗೆಯು ಉರಿಯಬೇಕೆಂದು ಕಲ್ಲಿನಲ್ಲಿ ಕೊರೆಯಿಸುತ್ತಿದ್ದರು. ಆ ಹೊನ್ನು ಇಂದು ಇಲ್ಲ, ದೀವಿಗೆಯೂ ಇಲ್ಲ. ಕಲ್ಲು ಮಾತ್ರ ಸತ್ಯವನ್ನು ಹೇಳುತ್ತ ನಿಂತಿದೆ. ಆದುದರಿಂದಲೇ ಕೊಟ್ಟವನೂ ನೆನಪಿನಲ್ಲಿ ಉಳಿದಿದ್ದಾನೆ, ಕೆಡಿಸಿದವನ ತಪ್ಪೂ ಉಳಿದಿದೆ. ತಾನು ಕೊಡುವದಕ್ಕಿಂತ ಪರರು ಕೊಟ್ಟದ್ದನ್ನು ಕಾಯುವದು ಹೆಚ್ಚಿನ ಪುಣ್ಯವೆಂದು ಆ ಶಾಸನಗಳು ಮತ್ತೆ ಮತ್ತೆ ಸಾರುವದು ಸುಮ್ಮನೆ ಅಲ್ಲ.

ಇಷ್ಟೆಲ್ಲ ಪಟ್ಟಣಗಳ ಮಾತಾಯಿತು. ಅಲಖನೂರಿನಂಥ ಹಳ್ಳಿಯಲ್ಲಿರುವ ನಮಗೇನು ಎಂದು ವಾಚಕರು ಕೇಳಬಾರದು. ನಿಪ್ಪಾಣಿಯ ತಂಬಾಕಿನ ಪೇಟೆ, ಅಥಣಿ ರಾಯಬಾಗ ಚಿಕ್ಕೋಡಿಗಳ ಹಳೆಯ ಓಣಿಗಳು, ಇಲ್ಲೆಲ್ಲ ಹಣವನ್ನು ಕಾಯುವದಕ್ಕೆಂದು ಕಟ್ಟಿದ ಮನೆಗಳು ಉಂಟು: ಹುಂಡಿಯ ವ್ಯವಹಾರ ಮಾಡಿದ ಸಾಹುಕಾರರ ಪಡಸಾಲೆಗಳು, ಹಳ್ಳಿಯ ಸೊಸೈಟಿಯ ಚಿಕ್ಕ ಕೋಣೆಗಳು. ಹಣವು ಈಗ ಕಣ್ಣಿಗೆ ಕಾಣದ ರೂಪವನ್ನು ತಾಳಿ ಕೈಯೊಳಗಿನ ಫೋನಿನಲ್ಲಿ ಓಡಾಡುತ್ತಿದೆ. ಕಾಯಿಪಲ್ಲೆ ಮಾರುವವಳೂ ನಾಣ್ಯವನ್ನು ಮುಟ್ಟದೆ ವ್ಯಾಪಾರ ಮಾಡುತ್ತಾಳೆ. ಇದರಿಂದ ಅನುಕೂಲವಾಗಿದೆಯೆಂಬದನ್ನು ಅಲ್ಲಗಳೆಯುವದು ಮೂರ್ಖತನವು. ಆದರೆ ಪೇಟೆಯೊಂದರ ಶಾಖೆಯಲ್ಲಿ, ಹೆಬ್ಬೆಟ್ಟಿನ ಗುರುತು ಯಂತ್ರಕ್ಕೆ ಹತ್ತಲಿಲ್ಲವೆಂದು ಮುದುಕಿಯೊಬ್ಬಳು ತನ್ನ ಹಣವನ್ನು ತೆಗೆಯಲಾರದೆ ಗೋಡೆಗೆ ಒರಗಿ ಕುಳಿತದ್ದನ್ನು ನಾವು ಕಂಡಿದ್ದೇವೆ. ಹೊಲದ ಕೆಲಸದಲ್ಲಿ ಬೆರಳಿನ ಗೆರೆಗಳು ಸವೆದದ್ದು ಅವಳ ಅಪರಾಧವೇ? ಕೇಳಿದಾಗ ಕೊಡದೆ ಇರುವದನ್ನು ಯಾಜ್ಞವಲ್ಕ್ಯನು ಏನೆಂದು ಎಣಿಸಿದ್ದಾನೆಂಬದನ್ನು ಮೇಲೆ ಹೇಳಿದೆವು. ಮನೆಯು ಬದಲಾಗಲಿ, ಮನೆಯೇ ಇಲ್ಲದಾಗಲಿ. ನಿಕ್ಷೇಪದ ಧರ್ಮವು ಬದಲಾಗಲಿಲ್ಲ. ಗೋಡೆಗಳಿದ್ದಾಗ ಅದನ್ನು ನೆನಪಿಸಲು ಗೋಡೆಗಳಾದರೂ ಇದ್ದವು. ಗೋಡೆಗಳಿಲ್ಲದ ಕಾಲದಲ್ಲಿ ಆ ಹೊಣೆಯೆಲ್ಲ ಮನುಷ್ಯರ ಮನಸ್ಸಿನ ಮೇಲೆಯೇ ಬಿದ್ದಿದೆ.

ಆದುದರಿಂದ ನಮ್ಮ ವಿದ್ಯಾವಂತ ಕುಟುಂಬಗಳಲ್ಲಿ ಒಂದು ಬಿನ್ನಹವು. ನಿಮ್ಮ ಊರಿನಲ್ಲಿ ಇಂಥ ಹಳೆಯ ಮನೆಯೊಂದು ಇದ್ದರೆ, ಅದನ್ನು ಯಾರು ಯಾವಾಗ ಏಕೆ ಕಟ್ಟಿದರು, ಅದರಲ್ಲಿ ಯಾರು ಯಾರ ಹಣವನ್ನು ಕಾಯ್ದರು, ಆಮೇಲೆ ಅದು ಏನೇನಾಯಿತು ಎಂಬದನ್ನು ಹಿರಿಯರು ಇರುವಾಗಲೇ ಕೇಳಿ ಬರೆದಿಡಿರಿ. ಕೀರ್ತಿಯನ್ನು ಮಾತ್ರ ಬರೆಯಬೇಡಿರಿ. ಮುಳುಗಿದ್ದರೆ ಮುಳುಗಿತೆಂದೂ ಬರೆಯಿರಿ. ಮನೆಯನ್ನು ಬೇರೆ ಕೆಲಸಕ್ಕೆ ತಿರುಗಿಸುವ ಅಧಿಕಾರವು ನಿಮ್ಮ ಕೈಯಲ್ಲಿದ್ದರೆ, ಬಾಗಿಲನ್ನು ಮೊದಲಿಗಿಂತ ಕಿರಿದು ಮಾಡಬೇಡಿರಿ. ವಾಚನಾಲಯವಾಗಲಿ, ಮಕ್ಕಳ ಶಾಲೆಯಾಗಲಿ, ಔಷಧಾಲಯವಾಗಲಿ, ಅಂಗಡಿಯೇ ಆಗಲಿ, ಬಡವನು ಅಂಜದೆ ಹೊಗುವಂತಿರಲಿ. ಹೊರಗಿನ ಗೋಡೆಗೆ ಹಿಂದಿನ ಕಥೆಯನ್ನು ಹೇಳುವ ಒಂದು ಕಲ್ಲನ್ನು ಕೂಡ್ರಿಸಿರಿ. ಉಡುಪಿಯ ಆ ಮನೆಯಲ್ಲಿ ಮೊದಲ ದಿನ ಕೂಡಿದ ಹಣದಲ್ಲಿ ಎರಡು ಪೈಗಳೂ ಲೆಕ್ಕಕ್ಕೆ ಬಂದವು. ಅವನ್ನು ಬಿಡದೆ ಬರೆದಿಟ್ಟುದರಿಂದಲೇ ನೂರಾ ಇಪ್ಪತ್ತು ವರ್ಷಗಳ ತರುವಾಯವೂ ನಾವು ಅವುಗಳ ಮಾತನ್ನು ಆಡುತ್ತಿದ್ದೇವೆ.